ಮೂವತ್ತೆಂಟನೆಯ ಗೆರೆ

ತರಬೇತಿ ಶಾಲೆ, ಸಿಬ್ಬಂದಿ ಕೋಣೆ
ಮಾರ್ಚ್ ಹದಿನೆಂಟು, ಮಂಗಳವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಮಂಡಿ ನೋವು ಸ್ವಲ್ಪವಾದರೂ ಇಳಿದಿದೆಯೇ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಎಷ್ಟು ಹೇಳಿದರೂ ಲಿಫ್ಟು ಬರುವತನಕ ಕಾಯುವ ತಾಳ್ಮೆ ನಿನಗಿಲ್ಲ ಎಂದು ನನಗೆ ಗೊತ್ತು. ಅತ್ತಿಗೆಯ ಕೆಮ್ಮು ಹೇಗಿದೆ? ದಿನಕ್ಕೆರಡು ಸಲ ಬಿಸಿನೀರಿನ ಹಬೆ ತೆಗೆದುಕೊಳ್ಳಲಿ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡ, ಹೇಳಿದರೆ ಬೇಕೆಂದೇ ತೆಗೆದುಕೊಳ್ಳುವುದಿಲ್ಲ. ನನ್ನ ಆರೋಗ್ಯಕ್ಕೇನೂ ಕಮ್ಮಿಯಿಲ್ಲ, ಹಸಿವೊಂದು ಸರಿಯಾಗಿಲ್ಲ ಅಷ್ಟೆ. ಅಡುಗೆಮನೆಯ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಇಡೀ ಊರಿನ ಕೊಳಚೆ ಪಂಪುಗಳ ಪಾಠ ಹೇಳುವವಳ ಮನೆಯ ನಲ್ಲಿ ಹೀಗೆ ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ.

ಫೋನು ಮಾಡದೆ ಕಾಗದ ಬರೆಯಲು ಕೂತಿದ್ದಾಳಲ್ಲ ಇವಳು ಎಂದುಕೊಳ್ಳುತ್ತೀಯ. ಭಾನುವಾರ ಎರಡು ಸಲ ಮಾಡಿದೆನಲ್ಲ. ಮೂವತ್ತೊಂದು ವರ್ಷ ಪಂಪುಗಳ ಪಕ್ಕ ನಿಂತ ಕಿವಿ ನಿನ್ನದು. ನಾನು 'ನಕ್ಷೆ, ನಕ್ಷೆ' ಎಂದು ಗಂಟಲು ಹರಿದುಕೊಂಡರೆ ನೀನು 'ನಶ್ಯ ಬಿಟ್ಟು ನಾಲ್ಕು ವರ್ಷ ಆಯ್ತಲ್ಲೇ, ಯಾರೇ ನಿಂಗೆ ಚಾಡಿ ಹೇಳಿದ್ದು?' ಎಂದು ನನ್ನ ಮೇಲೇ ರೇಗಿದೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಮೊದಲು ನಗು ಬಂತು, ಫೋನು ಇಟ್ಟಮೇಲೆ ಅಳು ಬಂತು. ಆದ್ದರಿಂದ ಈ ಕಾಗದ. ಕನ್ನಡಕ ಹಾಕಿಕೊಂಡು, ಒಂದೇ ಕಡೆ ಕೂತು, ಕೊನೆಯತನಕ ಓದು. ಮಧ್ಯದಲ್ಲಿ ಎದ್ದು ಹೋಗಬೇಡ, ಅಷ್ಟೇ ನಾನು ಕೇಳುವುದು.

ನೀನು ಬಿಟ್ಟುಹೋದಮೇಲೆ ಶಾಲೆಯಲ್ಲಿ ಏನೇನು ಬದಲಾಗಿದೆ ಎಂದು ಮೊದಲು ಹೇಳಿಬಿಡುತ್ತೇನೆ. ನೀನು ಪಾಠ ಮಾಡುತ್ತಿದ್ದ ಉದ್ದನೆಯ ಕೋಣೆಯೇ ಈಗ ಕಂಪ್ಯೂಟರ್ ಕೋಣೆ. ಕರಿಹಲಗೆ ತೆಗೆದಿದ್ದಾರೆ, ಆ ಜಾಗದಲ್ಲಿ ಗೋಡೆಯ ಬಣ್ಣ ಮಾತ್ರ ಬೇರೆಯಾಗಿ ಉಳಿದಿದೆ. ಇಪ್ಪತ್ತು ಪರದೆಗಳು. ಈ ಹೊಸ ಪರೀಕ್ಷೆಯ ಯಂತ್ರ ಹಾಕಿದ ಕಂಪನಿಯವರು ನಿನ್ನನ್ನು ತಜ್ಞನೆಂದು ಊರೂರಿಗೆ ಉದ್ಘಾಟನೆಗೆ ಕರೆದುಕೊಂಡು ಹೋಗುತ್ತಾರೆ, ದೀಪದ ಗುಂಡಿ ಒತ್ತಿಸುತ್ತಾರೆ, ಹಾರ ಹಾಕುತ್ತಾರೆ. ಆದರೆ ಪರೀಕ್ಷೆ ನಡೆಯುವಾಗ ನೀನು ಒಂದು ದಿನವೂ ಒಳಗೆ ಕೂತು ನೋಡಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ಮೊದಲು ನಿನ್ನ ಫೋಟೋ ಬರುತ್ತದೆ, ಆ ನೀಲಿ ಅಂಗಿಯದು. ಇಪ್ಪತ್ತು ಪರದೆಗಳ ಮೇಲೆ ಇಪ್ಪತ್ತು ಅಣ್ಣಂದಿರು ಒಟ್ಟಿಗೆ ನಗುತ್ತೀರಿ. ಆಮೇಲೆ ಎಡಗಡೆ ಪದಗಳ ಸಾಲು ಬರುತ್ತದೆ: ಬಾವಿ, ಹಗ್ಗ, ಮೇಲೆ ನಿಂತವರು, ಗಾಳಿ ಹಾಯಿಸು, ವಾಸನೆ ಬಂತು, ವಾಸನೆ ನಿಂತಿತು, ಕೆಲಸ ಮುಂದುವರಿಸು, ಮೇಲೆ ಬಾ. ಇಂಥವು ಮೂವತ್ತು. ಕಲಿಯುವವರು ಒಂದೊಂದನ್ನೂ ಎಳೆದು ನಡುವೆ ತಂದಿಟ್ಟು, ಯಾವುದಕ್ಕೆ ಯಾವುದರ ಸಂಬಂಧ ಎಂದು ಗೆರೆ ಹಾಕಬೇಕು. ಗೆರೆಯ ಮೇಲೆ 'ಹೀಗಾದರೆ ಇದನ್ನು ಮಾಡು', 'ಇದರಿಂದ', 'ಇದಕ್ಕೆ ಮುಂಚೆ' ಎಂಬ ಚೀಟಿ ಅಂಟಿಸಬೇಕು. ತಲೆಯೊಳಗಿನ ತಿಳಿವಳಿಕೆ ಪರದೆಯ ಮೇಲೆ ನಕ್ಷೆಯಾಗುತ್ತದೆ ಎನ್ನುತ್ತಾರೆ. ಆ ನಕ್ಷೆಯನ್ನು ಯಂತ್ರ ತಜ್ಞನ ನಕ್ಷೆಯ ಜೊತೆ, ಅಂದರೆ ನಿನ್ನ ನಕ್ಷೆಯ ಜೊತೆ, ಹೋಲಿಸಿ ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಎಪ್ಪತ್ತೈದು ಬಂದರೆ ಪ್ರಮಾಣಪತ್ರ. ಬರದಿದ್ದರೆ ಮತ್ತೆ ಮುಂದಿನ ತಿಂಗಳು.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೆ ಬಹಳ ಹಿಡಿಸಿತ್ತು. ಎರಡು ಸಾಲು ಬರೆಯುವುದಕ್ಕೆ ಬೆವರುವ ಜನ ನಮ್ಮವರು. ಪೆನ್ನು ಕೊಟ್ಟರೆ ಹಾವು ಕೊಟ್ಟ ಹಾಗೆ ನೋಡುತ್ತಾರೆ. ಅಂಥವರು ಪರದೆಯ ಮೇಲೆ ಗೆರೆ ಎಳೆದು ತಮಗೆ ಗೊತ್ತಿರುವುದನ್ನು ತೋರಿಸಿದಾಗ ನನಗೇ ಖುಷಿಯಾಗುತ್ತಿತ್ತು. ಯಾರ ತಲೆಯಲ್ಲಿ ಎಲ್ಲಿ ಗುಂಡಿ ಬಿದ್ದಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಒಬ್ಬನ ನಕ್ಷೆಯಲ್ಲಿ ಹಗ್ಗ ಯಾವುದಕ್ಕೂ ಸೇರದೆ ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು. ಮಾರನೆಯ ದಿನ ಅವನನ್ನು ಅಂಗಳದ ಅಭ್ಯಾಸದ ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಮೂರು ಗಂಟೆ ಹಗ್ಗದ ಪಾಠವನ್ನೇ ಮಾಡಿದೆ.

ಆದರೆ ಮೂರನೆಯ ತಂಡದ ಹೊತ್ತಿಗೆ ಏನೋ ಎಡವಟ್ಟಾಗುತ್ತಿದೆ ಎನ್ನಿಸತೊಡಗಿತು. ಎಲ್ಲರ ನಕ್ಷೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ವಾರದ ಅಭ್ಯಾಸ ಪರೀಕ್ಷೆಯಲ್ಲಿ ಮೊದಲ ವಾರ ನಲವತ್ತು ಬಂದವನಿಗೆ ನಾಲ್ಕನೆಯ ವಾರ ತೊಂಬತ್ತು. ಒಂದು ದಿನ ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಕೂತ ನಾಲ್ಕು ಜನ ಏನನ್ನೋ ಬಾಯಿಪಾಠ ಮಾಡುತ್ತಿದ್ದರು. ಹತ್ತಿರ ಹೋಗಿ ಕೇಳಿದರೆ, 'ಗಾಳಿಯಿಂದ ಎಡಕ್ಕೆ ಎರಡು, ವಾಸನೆಯಿಂದ ಕೆಳಕ್ಕೆ ಒಂದು, ಬಲಗಡೆ ಮೂಲೇಲಿ ಮೂರು ಗೆರೆ ಸೇರ್ಬೇಕು' ಎಂದು ಮನೆಗೆ ದಾರಿ ಹೇಳುವವರ ಹಾಗೆ ಹೇಳುತ್ತಿದ್ದಾರೆ. ಯಾಕೆ ಸೇರಬೇಕು ಎಂದು ಕೇಳಿದೆ. 'ಯಾಕೆ ಅಂತ ಅದು ಕೇಳಲ್ಲ ಮೇಡಂ' ಎಂದು ಒಬ್ಬ ನಕ್ಕ. ಇನ್ನೊಂದಿದೆ. ಇಡೀ ತಂಡದ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಯಂತ್ರ ಒಂದು ದೊಡ್ಡ ನಕ್ಷೆ ಮಾಡಿ ಕೊಡುತ್ತದೆ. ಒಂದು ಗೆರೆಯನ್ನು ಎಷ್ಟು ಹೆಚ್ಚು ಜನ ಎಳೆದಿರುತ್ತಾರೋ ಅದು ಅಷ್ಟು ದಪ್ಪ. ಪ್ರಿನ್ಸಿಪಾಲರು ಪ್ರತಿ ವಾರ ಅದನ್ನು ಅಚ್ಚು ಹಾಕಿಸಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಅಂಟಿಸುತ್ತಾರೆ. ಅದರಲ್ಲಿ ಒಂದು ಗೆರೆ ಮೊದಲ ವಾರ ನೂಲಿನೆಳೆಯಷ್ಟಿತ್ತು. ವಾರ ವಾರಕ್ಕೂ ದಪ್ಪವಾಗುತ್ತಾ ಬಂತು. ಈಗ ಹೆಬ್ಬೆರಳಿನಷ್ಟಿದೆ. 'ವಾಸನೆ ನಿಂತಿತು' ಎಂಬುದರಿಂದ 'ಕೆಲಸ ಮುಂದುವರಿಸು' ಎಂಬುದಕ್ಕೆ ಹೋಗುವ ಗೆರೆ ಅದು.

ಅಣ್ಣಾ, ಇನ್ನೊಂದು ಸಲ ಓದಿಕೋ. ವಾಸನೆ ನಿಂತಿತು, ಹೀಗಾದರೆ ಇದನ್ನು ಮಾಡು, ಕೆಲಸ ಮುಂದುವರಿಸು.

ಆ ಗೆರೆ ತಪ್ಪೆಂದು ಮೊದಲು ಹೇಳಿದವಳು ಯಾಕಮ್ಮ. ಅದು ನಾವಿಟ್ಟ ಹೆಸರು, ಮಾತುಮಾತಿಗೆ 'ಯಾಕೆ?' ಎನ್ನುತ್ತಾಳೆಂದು ತಂಡದವರೇ ಕರೆಯಲು ಶುರುಮಾಡಿದ್ದು, ಈಗ ಅವಳೂ ಅದಕ್ಕೇ ಓಗೊಡುತ್ತಾಳೆ. ಮೂವತ್ತೈದರ ಹೆಂಗಸು. ಹತ್ತು ವರ್ಷ ಗಂಡನ ಜೊತೆ ತೊಟ್ಟಿ ತೊಳೆಯುವ ಕೆಲಸಕ್ಕೆ ಹೋಗಿ, ಬಾವಿಯ ಬಾಯಲ್ಲಿ ಹಗ್ಗ ಹಿಡಿದು ನಿಂತವಳು. ಗಂಡ ಬೆನ್ನುನೋವಿನಿಂದ ಮನೆ ಹಿಡಿದಮೇಲೆ, ಪ್ರಮಾಣಪತ್ರವಿದ್ದರೆ ಕಾಯಂ ಕೆಲಸ ಸಿಗುತ್ತದೆಂದು ನಮ್ಮಲ್ಲಿಗೆ ಬಂದಳು. ಬಾವಿಯ ಹತ್ತಿರ ಅವಳಷ್ಟು ಚುರುಕಿನವರನ್ನು ನಾನು ನೋಡಿಲ್ಲ. ಪರದೆಯ ಮುಂದೆ ಮಾತ್ರ ಮೂರು ತಿಂಗಳು, ಮೂರು ಸಲವೂ ಐವತ್ತೆಂಟು, ಅರವತ್ತು, ಅರವತ್ತೊಂದು. ಅವಳ ನಕ್ಷೆ ತೆಗೆಸಿ ನೋಡಿದೆ. 'ವಾಸನೆ ನಿಂತಿತು' ಎಂಬುದರಿಂದ ಪ್ರತಿ ಸಲವೂ 'ಮೇಲೆ ಬಾ' ಎಂಬುದಕ್ಕೆ ಗೆರೆ ಎಳೆದಿದ್ದಾಳೆ. ಪ್ರತಿ ಸಲವೂ ಯಂತ್ರ ಅದಕ್ಕೆ ಕೆಂಪು ಬಳಿದಿದೆ. ಅದು ತಪ್ಪಾದ ಕೂಡಲೇ ಅದಕ್ಕೆ ಸೇರಿದ ಇನ್ನಾರು ಗೆರೆಗಳೂ ತಪ್ಪಾಗುತ್ತವೆ.

ಕರೆದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ಮೇಡಂ, ಕೊಳೆತ ಮೊಟ್ಟೆ ವಾಸನೆ ಬರೋವರ್ಗೂ ಭಯ ಇರುತ್ತೆ, ಮನುಷ್ಯ ಹುಷಾರಾಗಿರ್ತಾನೆ. ಗ್ಯಾಸು ಜಾಸ್ತಿ ಆದಾಗ ಒಂದ್ಸಲಕ್ಕೇ ವಾಸನೆ ನಿಂತುಬಿಡುತ್ತೆ. ವಾಸನೆ ಹೋಗೋದಲ್ಲ ಅದು, ಮೂಗು ಹೋಗೋದು. ನಮ್ಮ ಮಾವನವರು ಹಂಗೇ ಹೋಗಿದ್ದು. ಈಗ ಏನೂ ಇಲ್ಲ ಕಣಪ್ಪಾ ಅಂತ ಕೆಳಗಿಂದ ಕೂಗಿದ್ರು. ಆಮೇಲೆ ಕೂಗಲಿಲ್ಲ.'

ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ನಿನಗೂ ಗೊತ್ತು. ಯಾವ ಕಾಗದವೂ ಮೇಜಿನ ಮೇಲೆ ಎರಡು ದಿನ ಇರಬಾರದು ಎನ್ನುವ ಮನುಷ್ಯ. ಗೋಡೆಯ ಮೇಲಿನ ಆ ದಪ್ಪ ಗೆರೆಯ ಕೆಳಗೇ ಕೂತು, 'ಮೇಡಂ, ಅದು ತಜ್ಞರ ನಕ್ಷೆ. ಹನ್ನೆರಡು ಶಾಲೆಗಳಲ್ಲಿ ನಡೀತಾ ಇದೆ. ನಿಮ್ಮ ಅಣ್ಣಂಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ?' ಎಂದರು. ನಾನು ಏನು ಹೇಳಬೇಕಿತ್ತು? ಗಾಳಿ ಮತ್ತು ಬಾವಿಗೆ ಇಳಿಯುವ ಪಾಠ ಯಾವಾಗಲೂ ನಿನ್ನದು, ನನ್ನದು ಪಂಪು ಮೋಟಾರು. ಎದ್ದು ಬಂದೆ. ಮುಂದಿನ ಪರೀಕ್ಷೆಯ ದಿನ ಯಾಕಮ್ಮನ ಕುರ್ಚಿಯ ಹಿಂದೆ ನಿಂತು, 'ಅದು ಕೇಳೋ ಹಾಗೆ ಎಳೆದುಬಿಡು, ಪ್ರಮಾಣಪತ್ರ ಕೈಗೆ ಬರಲಿ, ಬಾವೀಲಿ ನಿನಗೆ ಗೊತ್ತಿರೋ ಹಾಗೆ ಮಾಡ್ಕೋ' ಎಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಆ ಒಂದು ಸಲ ಮಾತ್ರ ಅವಳು ಯಾಕೆ ಎಂದು ಕೇಳಲಿಲ್ಲ. ಗೆರೆ ಎಳೆದಳು. ತೊಂಬತ್ತನಾಲ್ಕು ಬಂತು.

ಈಗ ಕಳೆದ ಗುರುವಾರದ ವಿಷಯ. ನಾವೆಲ್ಲ ಏಣಿ ಎಂದು ಕರೆಯುತ್ತಿದ್ದವನು ನಿನಗೆ ನೆನಪಿರಬಹುದು, ನೀನು ನಿವೃತ್ತನಾಗುವ ತಿಂಗಳು ಸೇರಿದ್ದ ಆ ಉದ್ದನೆಯ ಮನುಷ್ಯ, ಇಬ್ಬರು ಹೆಣ್ಣುಮಕ್ಕಳ ತಂದೆ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದನಲ್ಲ. ನೀನು ಹೋದಮೇಲೆ ಹೊಸ ಪರೀಕ್ಷೆ ಬರೆದ ಮೊದಲ ತಂಡದವನು ಅವನು, ತೊಂಬತ್ತಾರು. ಆ ಹಾಳೆಗೆ ಚೌಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದಾನಂತೆ. ತರಕಾರಿ ಮಾರುಕಟ್ಟೆಯ ಹಿಂದಿನ ಪಂಪ್‌ಹೌಸಿನಲ್ಲಿ ಅವನೇ ಈಗ ಮೇಸ್ತ್ರಿ; ಯಾಕಮ್ಮನನ್ನೂ ಅದೇ ತಂಡಕ್ಕೆ ಹಾಕಿದ್ದರು. ಬೆಳಿಗ್ಗೆ ಹನ್ನೊಂದು ಗಂಟೆ. ವಿಷಗಾಳಿ ಅಳೆಯುವ ಯಂತ್ರ ಊರಿಗೆಲ್ಲ ಇರುವುದು ಎರಡು. ಒಂದು ಕೆಟ್ಟಿದೆ, ಇನ್ನೊಂದು ಅವತ್ತು ಬೇರೆ ಕಡೆ ಹೋಗಿತ್ತು. ಏಣಿ ಸೊಂಟಕ್ಕೂ ತೋಳಿಗೂ ಹಗ್ಗ ಕಟ್ಟಿಕೊಂಡು ಕೊಳಚೆ ಬಾವಿಗೆ ಇಳಿದಿದ್ದಾನೆ. ಹತ್ತು ಮೆಟ್ಟಿಲಿಗೆ 'ವಾಸನೆ ಇದೆ' ಎಂದಿದ್ದಾನೆ, ನಿಂತಿದ್ದಾನೆ. ಸ್ವಲ್ಪ ಹೊತ್ತಾದ ಮೇಲೆ 'ಹಾಂ, ನಿಂತಿತು' ಎಂದಿದ್ದಾನೆ. ಮೇಲಿನಿಂದ ಯಾಕಮ್ಮ 'ಹತ್ತಿ ಬನ್ನಿ, ಹತ್ತಿ ಬನ್ನಿ' ಎಂದು ಕಿರುಚಿದರೆ ಅವನು ನಕ್ಕು, 'ನಿಂತಮೇಲೆ ಇಳೀಬೇಕಮ್ಮಾ, ನಿಂಗೆ ಮೂರು ಸಲ ಕಮ್ಮಿ ಬಂದಿದ್ದು ಸುಮ್ನೇನಾ?' ಎಂದಿದ್ದಾನೆ. ಇನ್ನೆರಡು ಮೆಟ್ಟಿಲು ಇಳಿದನಂತೆ. ಹಗ್ಗ ಒಮ್ಮೆಲೇ ಭಾರವಾಯಿತಂತೆ.

ಅವಳು ಒಬ್ಬಳೇ ಎಳೆಯಲು ಶುರುಮಾಡಿದ್ದಾಳೆ. ಜೊತೆಯಲ್ಲಿದ್ದ ಇನ್ನೊಬ್ಬ ಕೆಳಗಿಳಿದು ಎತ್ತುತ್ತೇನೆಂದು ಹೊರಟರೆ ಅವನನ್ನು ಕಾಲಿನಿಂದ ಒದ್ದು ಹಿಂದಕ್ಕೆ ತಳ್ಳಿದ್ದಾಳೆ. ಒದೆಯದಿದ್ದರೆ ಇಬ್ಬರ ಕಥೆ ಹೇಳಬೇಕಾಗಿತ್ತು. ಅವಳ ಕೂಗಿಗೆ ಮಾರುಕಟ್ಟೆಯ ಹಮಾಲರು ಮೂಟೆ ಬಿಸಾಕಿ ಓಡಿ ಬಂದರು. ಎಲ್ಲ ಸೇರಿ ಎಳೆದರು. ಯಾಕಮ್ಮನ ಎರಡೂ ಅಂಗೈಯ ಚರ್ಮ ಹಗ್ಗಕ್ಕೇ ಅಂಟಿಕೊಂಡು ಹೋಗಿದೆ.

ಏಣಿ ಬದುಕಿದ್ದಾನೆ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಮಂಚ ಸಾಲದೆ ಕಾಲು ಹೊರಗೆ ಚಾಚಿಕೊಂಡಿದ್ದವು, ಅವನ ಹೆಂಡತಿ ಆ ಕಾಲುಗಳ ಮೇಲೆ ಟವೆಲು ಹೊದಿಸಿ ಕೂತಿದ್ದಳು. ನನ್ನನ್ನು ಗುರುತು ಹಿಡಿದ. 'ಮೇಡಂ, ನಂದು ಸರಿ ಇತ್ತಲ್ವಾ? ವಾಸನೆ ನಿಂತಿತ್ತು' ಎಂದ. ನಾನು ಹಣ್ಣಿನ ಚೀಲವನ್ನು ಎಲ್ಲಿಡಲಿ ಎಂದು ಹುಡುಕುತ್ತಿದ್ದೆ. ಒಂದು ನಿಮಿಷ ಬಿಟ್ಟು, ಈಗ ತಾನೇ ನನ್ನನ್ನು ನೋಡಿದವನ ಹಾಗೆ ಮುಖ ಅರಳಿಸಿ, 'ಓ ಮೇಡಂ, ಬಂದ್ರಾ? ನಂದು ಸರಿ ಇತ್ತಲ್ವಾ?' ಎಂದ. ನಾನಿದ್ದ ಅರ್ಧ ಗಂಟೆಯಲ್ಲಿ ಏಳು ಸಲ ಕೇಳಿದ. ಒಮ್ಮೊಮ್ಮೆ ಚಿಕ್ಕ ಮಗಳ ಹೆಸರು ನೆನಪಾಗುವುದಿಲ್ಲವಂತೆ. ಬರಬರುತ್ತಾ ಸರಿಹೋಗಬಹುದು ಎನ್ನುತ್ತಾರೆ ಡಾಕ್ಟರು, ಆದರೆ ಹಾಗೆನ್ನುವಾಗ ಹೆಂಡತಿಯ ಮುಖ ನೋಡುವುದಿಲ್ಲ.

ಅಲ್ಲಿಂದ ಬಂದು ಬೀರು ತೆಗೆದು ನಿನ್ನ ಕೈಬರಹದ ಹಾಳೆ ಹುಡುಕಿದೆ, ಕಂಪನಿಗೆ ಕೊಡಲು ನೀನು ಬರೆದ ಮೂಲ ನಕ್ಷೆ. ಅದರಲ್ಲೂ ಆ ಗೆರೆ ಇದೆ, ಮೂವತ್ತೆಂಟನೆಯದು. ಏನೋ ಯೋಚನೆಯಲ್ಲಿದ್ದಾಗ ಎಳೆದಿರಬೇಕು. ಯಾರಿಗೆ ತಪ್ಪಾಗುವುದಿಲ್ಲ ಹೇಳು? ನಿನ್ನನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಕಂಪನಿಯವರಿಗೆ ಫೋನು ಮಾಡಿದೆ. ತಜ್ಞರ ನಕ್ಷೆಯಲ್ಲಿ ಒಂದು ಗೆರೆ ಅಳಿಸಬೇಕಾದರೂ ತಜ್ಞರೇ ಸಹಿ ಹಾಕಿದ ಕಾಗದ ಬೇಕಂತೆ, ಬೇರೆ ಯಾರು ಹೇಳಿದರೂ ಆಗುವುದಿಲ್ಲವಂತೆ. 'ಫಲಿತಾಂಶ ಬಹಳ ಚೆನ್ನಾಗಿದೆಯಲ್ಲ ಮೇಡಂ, ಹನ್ನೆರಡು ಶಾಲೆಗಳಲ್ಲಿ ನಿಮ್ಮದೇ ಮೊದಲು' ಎಂದಳು ಆ ಹುಡುಗಿ ಬಹಳ ಮರ್ಯಾದೆಯಿಂದ. ಇಲ್ಲಿ ಪ್ರಿನ್ಸಿಪಾಲರು 'ಕಾರ್ಮಿಕನ ಅಜಾಗರೂಕತೆ' ಎಂದು ವರದಿ ಬರೆಸಿ ನನ್ನ ಮೇಜಿನ ಮೇಲಿಟ್ಟಿದ್ದಾರೆ, ಪಾಠ ಹೇಳಿದವಳೆಂದು ನನ್ನ ಸಹಿಗೆ. ಅವರ ಲೆಕ್ಕದಲ್ಲಿ ಕಾಗದ ಎರಡು ದಿನ ಮೇಜಿನ ಮೇಲಿರಬಾರದು. ಇದನ್ನು ಇಟ್ಟದ್ದು ಶನಿವಾರ, ಇವತ್ತಿಗೆ ನಾಲ್ಕನೆಯ ದಿನ.

ಈ ಕಾಗದ ತರುವವಳು ಯಾಕಮ್ಮನೇ. ಅಂಚೆಯನ್ನು ನಂಬುವ ಹೊತ್ತಲ್ಲ ಇದು. ಗೆರೆ ಅಳಿಸಲು ನೀನು ಸಹಿ ಹಾಕಬೇಕಾದ ಕಂಪನಿಯ ಅರ್ಜಿಯೂ ಅವಳ ಚೀಲದಲ್ಲಿದೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದಾಳೆ, ಲೋಟ ಹಿಡಿಯಲು ಕಷ್ಟ, ಅತ್ತಿಗೆಗೆ ಹೇಳು. ನೀನು ಏನು ಕೇಳಿದರೂ ಹೇಳುತ್ತಾಳೆ. ಅವಳು ಏನು ಕೇಳಿದರೂ ನೀನೂ ಹೇಳು. ಅವಳ ಮುಂದೆಯೇ ಸಹಿ ಹಾಕಿ, ಅವಳನ್ನೇ ಕರೆದುಕೊಂಡು ಕಂಪನಿಗೆ ಹೋಗು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ.

ನಿನ್ನ ಆರೋಗ್ಯ ನೋಡಿಕೋ. ಅತ್ತಿಗೆಗೆ ನನ್ನ ನಮಸ್ಕಾರ. ನೀನು ನನ್ನನ್ನು ಬೈದರೂ ಸರಿ, ಮರೆಯಬೇಡ.

ಇಂತಿ ನಿನ್ನ ತಂಗಿ,
ಮೆಣಸಿನಕಾಯಿ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಯಾಕಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ರೈಲಿಗೆ ಹೊತ್ತಾಗುತ್ತಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ ಅಣ್ಣಾ. ನಿನ್ನ ಹಾಳೆಯಲ್ಲಿ ಮೂವತ್ತೆಂಟನೆಯದು ಚುಕ್ಕಿ ಗೆರೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಪಾಠದಲ್ಲಿ ನೀನು ಬೇಕೆಂದೇ ಆ ತಪ್ಪು ಗೆರೆ ಎಳೆದು, ಸೀಮೆಸುಣ್ಣ ಕೆಳಗಿಟ್ಟು, ಯಾರು ಜಗಳಕ್ಕೆ ಬರುತ್ತಾರೆ ಎಂದು ಕಾಯುತ್ತಿದ್ದೆಯಲ್ಲ, ಅದು. ನಿನ್ನ ಹಾಳೆಯನ್ನು ಕಂಪ್ಯೂಟರಿಗೆ ಹಾಕಿದವಳು ನಾನು. ಚುಕ್ಕಿ ಗೆರೆ ಎಲ್ಲಿದೆ ಎಂದು ಕಂಪನಿಯವನನ್ನು ಕೇಳಿದೆ. 'ಚುಕ್ಕಿ ಇಲ್ಲ ಮೇಡಂ, ಗೆರೆ ಹಾಕಿ, ಇಲ್ಲಾಂದ್ರೆ ಬಿಡಿ' ಎಂದ. ಐದೂಕಾಲರ ಬಸ್ಸಿತ್ತು. ಗೆರೆ ಹಾಕಿದೆ, ನಾಳೆ ನಿನ್ನನ್ನು ಕೇಳೋಣ ಎಂದುಕೊಂಡೆ, ಕೇಳಲಿಲ್ಲ. ಎಲ್ಲ ಸರಿಯಿದೆ ಎಂದು ನಾನು ಹೇಳಿದ್ದನ್ನು ನಂಬಿ ನೀನು ನೋಡದೆ ಸಹಿ ಹಾಕಿದೆ. ಯಾಕಮ್ಮ 'ಮೂಗು ಹೋಗೋದು' ಎಂದ ದಿನವೇ ನನಗೆ ಎಲ್ಲ ನೆನಪಾಗಿತ್ತು. ಆಮೇಲೂ ಅವಳ ಹಿಂದೆ ನಿಂತು ಆ ಗೆರೆ ಎಳೆಸಿದೆ. ಅವಳಿಗೆ ಈಗ ತಾನೇ ಹೇಳಿದೆ. ಕಾಗದಕ್ಕೆ ಕೈ ಚಾಚಿ ನಿಂತಿದ್ದಾಳೆ. ಪ್ರಿನ್ಸಿಪಾಲರ ವರದಿಯ ಹಿಂದೆ ಇಷ್ಟನ್ನೂ ಬರೆದು ಸಹಿ ಹಾಕಿ ಅವರಿಗೇ ಕೊಟ್ಟಿದ್ದೇನೆ. ಅರ್ಜಿಯಲ್ಲಿ 'ತಪ್ಪು ಯಾರದು' ಎಂಬಲ್ಲಿ ನನ್ನ ಹೆಸರು ಬರೆ, ನಿನ್ನದನ್ನಲ್ಲ. ನಾಳೆ ಹತ್ತು ಗಂಟೆಗೆ ಎಲ್ಲ ಕಡೆ ಹೊಸ ತಂಡದ ಪರೀಕ್ಷೆ. ಇಲ್ಲಿಯ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ನಾನೇ ಇಟ್ಟುಕೊಂಡಿದ್ದೇನೆ, ಯಾರು ಕೇಳಿದರೂ ಕೊಡುವುದಿಲ್ಲ. ಉಳಿದ ಹನ್ನೊಂದು ಶಾಲೆಗಳ ಕೋಣೆಗಳ ಬೀಗದ ಕೈ ನನ್ನ ಹತ್ತಿರ ಇಲ್ಲ.